ಅಕ್ಕನ ಪಾಲಿನ ರೊಟ್ಟಿ

ಬೀಸುವ ಕಲ್ಲಿನ ಬಾಯಿಗೆ ಇನ್ನೊಂದು ಹಿಡಿ ಕಾಳು ಸುರಿದು ಪೋಚಪ್ಪ ಗೂಟ ತಿರುಗಿಸಿದ. ಊರುಗೋಲು ಎರಡೂ ಪಕ್ಕದಲ್ಲಿ ಬಿದ್ದಿದ್ದವು. ನೆರೆಮನೆಯ ಸುಂದರಬಾಯಿ ಬಗ್ಗಿ ಹಿಟ್ಟು ಮುಟ್ಟಿ ನೋಡಿದಳು.

"ಅಯ್ಯ ನನ್ನವ್ವ! ಪೋಚಣ್ಣ, ಇದು ಕಡ್ಲಿ ಅಲ್ಲ. ಕೇಸರಿ ಬ್ಯಾಳಿ!"

"ಹೌದು. ಎಮ್ಮಿಗಿ ಇಟ್ಟಿದ್ದರಾಗ ಆರಿಸಿ ತಂದೀನಿ. ಒಂದು ರೊಟ್ಟಿ ಸುಟ್ಟು ಕೊಡು."

"ತಲಿ ಕೆಟ್ಟದೇನು ನಿಂದು? ಇದನ್ನ ತಿನಬ್ಯಾಡ್ರಿ ಅಂತ ಊರೂರು ತಿರುಗಿದಾಕಿ ನಿಮ್ಮಕ್ಕ. ಆಕಿ ಹೆಣ ಅಂಗಳದಾಗ ಅದ, ನೀ ನೋಡಿದ್ರ..."

"ಅಕ್ಕಗೇ ಬೇಕಾಗ್ಯಾದ. ಎಡಿ ಇಡಬೇಕು. ನಮ್ಮ ಮನ್ಯಾಗ ಇವತ್ತು ಒಲಿ ಹಚ್ಚಂಗಿಲ್ಲ."

ಸುಂದರಬಾಯಿ ಅವನ ಮುಖ ನೋಡಿದಳು. ಆಮೇಲೆ ತನ್ನ ಒಲೆಗೆ ಕಟ್ಟಿಗೆ ಒಟ್ಟಿದಳು.

ಭೂದೇವಿ ಎಂದರೆ ಮೊಗುಡಂಪಲ್ಲಿ ಸುತ್ತಲಿನ ಊರುಗಳಿಗೆಲ್ಲ ಪ್ರೊಫೆಸರಮ್ಮ. ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಕಲಿಸಿದವಳು. ಈ ಕಡೆಯ ಕೂಲಿಯವರ ಮನೆಯಿಂದ ಆ ಮೆಟ್ಟಿಲು ಹತ್ತಿದ ಮೊದಲ ಹೆಂಗಸು. ಬೇಳೆಯಲ್ಲಿ ಈ ಕೇಸರಿಯ ವಿಷ ಬೆರೆತಿದೆಯೇ ಎಂದು ಬಜಾರಿನಲ್ಲೇ ನಿಂತು ಹೇಳಬಹುದಾದ ಪರೀಕ್ಷೆಯೊಂದನ್ನು ಅವಳು ಮಾಡಿಟ್ಟಿದ್ದಳು. ನಾರಾಯಣಖೇಡದ ಅಡತಿ ಅಂಗಡಿಯಲ್ಲಾಗಲಿ, ತಾಂಡೂರಿನ ತೊಗರಿ ಬಜಾರಿನಲ್ಲಾಗಲಿ ಅವಳ ಗಾಜಿನ ನಳಿಗೆ ಹೊರಬಂದರೆ ಸಾಕು, ಕಲಬೆರಕೆ ಮಾಡುವವರ ಮುಖ ಸಪ್ಪಗಾಗುತ್ತಿತ್ತು. ಅಂಥವಳು ತಮ್ಮನ ಮನೆಯಲ್ಲಿ ಮಾತ್ರ ಒಂದು ತುತ್ತು ತಿನ್ನಲಿಲ್ಲ. "ಊಟ ಆಗ್ಯಾದ" ಎನ್ನುವಳು, ಚಹಾ ಕುಡಿದು ಬಸ್ಸು ಹತ್ತುವಳು.

*

ಅವರು ಚಿಕ್ಕವರಿದ್ದಾಗಿನ ಬರಗಾಲದಲ್ಲಿ ಧಣಿಯ ಹೊಲದ ಕೂಲಿಗೆ ಸಿಗುತ್ತಿದ್ದದ್ದು ಈ ಬೇಳೆಯೇ. ದಿನಾ ಅದೇ ಹಿಟ್ಟು, ಅದೇ ರೊಟ್ಟಿ. ಭೂದೇವಿ ತನ್ನ ರೊಟ್ಟಿ ಮುರಿದು ದೊಡ್ಡ ಪಾಲು ತಮ್ಮನ ಕೈಗೆ ಹಾಕುತ್ತಿದ್ದಳು.

"ತಿನ್ನೋ ಪೋಚ್ಯಾ, ನನಗ ಹಸಿವಿಲ್ಲ."

ಹಸಿವಿಲ್ಲದೆ ಇರುತ್ತದೆಯೇ! ಹುಡುಗನಿಗೆ ಅದೆಲ್ಲ ತಿಳಿಯುವುದೆಲ್ಲಿ, ತಿಂದ. ಬೇಸಿಗೆ ಮುಗಿಯುವಷ್ಟರಲ್ಲಿ ಅವನ ಕಾಲುಗಳು ಸೆಟೆದು ಒಂದಕ್ಕೊಂದು ಅಡ್ಡ ಬೀಳತೊಡಗಿದವು. ಅಕ್ಕನ ಕಾಲು ಗಟ್ಟಿಯಾಗೇ ಉಳಿದವು.

ದೊಡ್ಡ ಓದು ಓದಿ, ಪ್ರಯೋಗಶಾಲೆಯಲ್ಲಿ ಕಣ್ಣಾರೆ ನೋಡಿ ತಿಳಿದುಕೊಂಡ ಮೇಲೆ ಅವಳು ಊರಿಗೆ ಬಂದು ಹೊಸ್ತಿಲಲ್ಲೇ ಕುಳಿತಳು.

"ಪೋಚ್ಯಾ, ಆ ರೊಟ್ಟಿನೇ ನಿನ್ನ ಕಾಲು ತಗೊಂಡಾದ. ಬಾಳ ತಿಂದವರಿಗಿ ಬಾಳ ಹತ್ತತದ. ನನ್ನ ಪಾಲೂ ನಾ ನಿನಗೇ ತಿನಿಸ್ದೆ."

ಸುಳ್ಳು ಯಾಕೆ, ಪೋಚಪ್ಪನಿಗೆ ಸಿಟ್ಟು ಬಂದಿತ್ತು. ಅಕ್ಕನ ನೆಟ್ಟಗಿನ ಕಾಲು ನೋಡಿ ಹೊಟ್ಟೆ ಉರಿದಿತ್ತು. ಬರಬರುತ್ತ ಸಿಟ್ಟು ಇಳಿಯಿತು. "ಹೋಗ್ಲಿ ಬಿಡು ಯಕ್ಕಾ" ಎಂಬ ಮಾತು ಮಾತ್ರ, ಮುಂದಿನ ಸಲ ಬಂದಾಗ ಅಂದರಾಯಿತು ಎಂದು ಒಳಗೇ ಉಳಿಯಿತು. ಅವಳು ಬಂದಳು, ಚಹಾ ಕುಡಿದಳು, ಹೋದಳು. ಹೀಗೇ ಇಬ್ಬರಿಗೂ ವಯಸ್ಸಾಯಿತು. ನಿನ್ನೆ ಹೈದರಾಬಾದಿನಿಂದ ಫೋನು ಬಂತು, ಬೆಳಗಾಗುವಷ್ಟರಲ್ಲಿ ಹೆಣವೂ ಊರಿಗೆ ಬಂತು.

*

ಊರ ಹೊರಗೆ ತೋಡಿದ ಕುಣಿಯ ಬಳಿ ಬುದ್ಧಂ ಸರಣಂ ಎಂದು ತ್ರಿಸರಣ ಹೇಳಿ ಮುಗಿದಿತ್ತು. ರೊಟ್ಟಿ ಕಂಡು ಪೋಚಪ್ಪನ ಮಗ ಪ್ರೇಮಕುಮಾರ ಅಡ್ಡ ಬಂದ.

"ಅಪ್ಪಾ, ಎಡಿ ಗಿಡಿ ನಾವು ಬಿಟ್ಟು ಎಷ್ಟು ವರ್ಷ ಆತು! ಅದ್ರಾಗ ಈ ವಿಷ. ಅತ್ತಿ ಜನ್ಮೆಲ್ಲಾ ಇದರ ಸಂಗಟ ಬಡಿದಾಡ್ಯಾಳ. ಯುನಿವರ್ಸಿಟಿ ಮಂದಿ ನೋಡ್ಲಕತ್ತಾರ, ಏನಂದಾರು?"

"ಏನರೆ ಅನ್ಲಿ. ನನ್ನ ಆಕಿ ಬಾಜೂಕ ಕುಂದ್ರಸು."

ಭೂದೇವಿಯ ಶಿಷ್ಯೆ ಲಾವಣ್ಯ ಮುಂದೆ ಬಂದಳು. "ಎಡಿ ಇಡಲಿ ಬಿಡ್ರಿ, ಅಣ್ಣಾರ. ಮೇಡಂ ರೊಟ್ಟಿ ಮುಟ್ಟಿದ್ದು ನಾ ಒಂದಿನಾನೂ ನೋಡಿಲ್ಲ. ಕೇಳಿದ್ರ, ನನ್ನ ಪಾಲು ಬ್ಯಾರೇದವರು ತಿಂದಾರ ಅಂತಿದ್ರು."

ಮಗ ಪೋಚಪ್ಪನನ್ನು ಎತ್ತಿ ಹೆಣದ ಪಕ್ಕ ಕೂರಿಸಿದ. ಅವನು ರೊಟ್ಟಿ ಮುರಿದ. ಸರಿಯಾಗಿ ಮುರಿಯಲಿಲ್ಲ, ಒಂದು ಪಾಲು ದೊಡ್ಡದಾಯಿತು. ಅದನ್ನು ಬಿಳಿ ಬಟ್ಟೆಯ ಮೇಲೆ, ಅವಳ ಬಲಗೈ ಇರುವಲ್ಲಿ ಇಟ್ಟ.

"ಹೋಗ್ಲಿ ಬಿಡು ಯಕ್ಕಾ. ತಿನ್ನು. ಇನ್ನ ನಿನ್ನ ಕಾಲಿಗಿ ಏನೂ ಆಗಂಗಿಲ್ಲ."

ಉಳಿದ ಚೂರನ್ನು ಅವನು ತನ್ನ ಬಾಯಿಗೆ ಹಾಕಿಕೊಂಡ. ಹೆಣ ಇಳಿಸಿ ಮಣ್ಣು ತುಂಬುವವರೆಗೂ ಅವನು ಕುಣಿಯ ಅಂಚಿನಲ್ಲಿ ಅಗಿಯುತ್ತಲೇ ಕುಳಿತಿದ್ದ.