ಎದುರುಮನೆಯ ಬಕ್ಕಪ್ಪನೋರು

ಒಂದೇ ಮುಂಜಾನೆ ನಲವತ್ತು ಮನೆಗಳಲ್ಲಿ ನಲವತ್ತು ಕಪ್ಪು ಚಹಾ ಕುಡಿದು, ನಲವತ್ತೊಂದನೆಯದಕ್ಕೆ ಕೈಮುಗಿದು ಬಂದವನು ಇಡೀ ಬೀದರ ಜಿಲ್ಲೆಯಲ್ಲಿ ಗೋರಖನಾಥ ಒಬ್ಬನೇ. ಹಾಗಂತ ಅವನೇ ಹೇಳಿದ.

"ಬರಕೋ ತಂಗಿ. ಈ ಗಲ್ಲಿಯೊಳಗ ನಾ ಚಾ ಕುಡೀದ ಮನಿ ಇಲ್ಲ. ಬ್ಯಾಡಂದ್ರ ಬಿಡಂಗಿಲ್ಲ ಮಂದಿ, ಅಂಗಿ ಹಿಡದು ಜಗ್ತಾರ. ಎರಡು ಅಂಗಿ ಹರದಾವ."

ಪ್ರಣಿತಾ ನಗು ತಡೆದುಕೊಂಡು ಬರೆದಳು. ಭಾಲ್ಕಿಯ ಹುಡುಗಿ, ಕಾಲೇಜಿನ ಸರ್ವೆಗೆಂದು ಬಂದವಳು. ಬೇರೆ ಬೇರೆ ಸಮುದಾಯದವರು ಒಂದೇ ಗಲ್ಲಿಯಲ್ಲಿ ಎಷ್ಟು ಬೆರೆತಿದ್ದಾರೆ, ಬದುಕಿನ ಬಗ್ಗೆ ಅವರಿಗೆ ಎಷ್ಟು ತೃಪ್ತಿಯಿದೆ ಎಂದು ಕೇಳುತ್ತ ಬೀದರದ ಮೈಲೂರಿನಲ್ಲಿ ಮನೆಮನೆ ಹತ್ತಿಳಿಯುತ್ತಿದ್ದಳು. ಹತ್ತಕ್ಕೆ ಎಷ್ಟು ಎಂದರೆ ಗೋರಖನಾಥ ಹನ್ನೊಂದು ಅಂದಿದ್ದ.

"ಹತ್ತರ ಮ್ಯಾಲೆ ಖಾನಾ ಇಲ್ರಿ ಕಾಕಾ."

"ಇಲ್ದಿದ್ರ ನೀನೇ ಒಂದು ಖಾನಾ ಕೊರಿ."

ಧರ್ಮದ ಖಾನೆಗೆ ಬಂದಾಗ ಅವನು 'ಬೌದ್ಧ' ಎಂದು ಬೇಕಿದ್ದಕ್ಕಿಂತ ಗಟ್ಟಿಯಾಗಿ ಹೇಳಿದ. ಗೇಟಿನ ಮೇಲೆ ನೀಲಿ ಚಕ್ರ ಬರೆಸಿದ ಮನೆ ಆ ಗಲ್ಲಿಯಲ್ಲಿ ಅದೊಂದೇ.

ಮೂವತ್ತು ವರ್ಷ ಭಾಲ್ಕಿ–ಔರಾದ ಬಸ್ಸು ಓಡಿಸಿದವನು ಅವನು. ಅವನ ಹಾರ್ನ್ ಕೇಳಿದರೆ ಎಮ್ಮೆಗಳು ತಾವಾಗಿ ಸಾಲುಗಟ್ಟಿ ದಾರಿ ಬಿಡುತ್ತಿದ್ದವು. ಅವನ ಬಸ್ಸೇ ಬರಲೆಂದು ಬಸುರಿಯರು ಹೆರಿಗೆ ಮುಂದೂಡುತ್ತಿದ್ದರು. ನಿವೃತ್ತನಾಗಿ, ಸಾಯಗಾಂವದ ಮನೆಯನ್ನು ತಮ್ಮ ಕೈಲಾಶನಿಗೆ ಬಿಟ್ಟು, ಇಲ್ಲಿ ಮನೆ ಕಟ್ಟಿಸಿ ಬಂದು ಎಂಟು ತಿಂಗಳಾಗಿತ್ತು. ಬಂದ ವಾರದಲ್ಲೇ ಹೆಂಡತಿ ಸುಭದ್ರಾಬಾಯಿ ಮಗಳು ಆಮ್ರಪಾಲಿಯ ಬಾಣಂತನಕ್ಕೆಂದು ಔರಾದಕ್ಕೆ ಹೋದಳು. ಅಂದಿನಿಂದ ದಿನಾ ಫೋನಿನಲ್ಲಿ ಅವನು ಗಲ್ಲಿಯ ವೈಭವ ಬಣ್ಣಿಸುತ್ತಿದ್ದ. ನಿನ್ನೆ ಅವಳು ಕೇಳಿದ್ದಳು: "ಆಮ್ರಪಾಲಿ ಡ್ಯೂಟಿಗಿ ಹಾಜರಾಗ್ತಾಳ. ಅಷ್ಟು ಮಂದಿ ಇದ್ರ ನಿಮಗ್ಯಾಕ ಚಿಂತಿ? ಕೂಸು ಸಾಲಿಗಿ ಹೋಗೋತನಾ ಇಲ್ಲೇ ಇರ್ತೇನಿ. ಬಾ ಅಂದ್ರ ಬರ್ತೇನಿ. ನಾಳಿ ಹೇಳ್ರಿ."

ಬಾ ಅನ್ನಬೇಕೆಂದರೆ ತಾನು ಮಾತಿನಲ್ಲಿ ಕಟ್ಟಿದ ಇಡೀ ಗಲ್ಲಿಯನ್ನು ಖಾಲಿ ಮಾಡಬೇಕಿತ್ತು.

"ಈ ಗಲ್ಲಿಯೊಳಗ ಭಾಳ ಹತ್ತರದ ದೋಸ್ತರು ಯಾರ್ರಿ? ಒಂದು ಹೆಸರು ಹೇಳ್ರಿ," ಎಂದಳು ಪ್ರಣಿತಾ.

"ಎದುರುಮನಿ ಬಕ್ಕಪ್ಪನೋರು. ರಿಟೈರ್ಡ್ ಹೆಡ್ ಮಾಸ್ತರು. ಇವತ್ತ ಮುಂಜಾನಿ ನೀ ಕುಂತಲ್ಲೇ ಕುಂತು ಚುರಮುರಿ ಸುಸಲಾ ತಿಂದು ಹೋದ್ರು. ಎರಡು ಸಲ ಹಾಕಿಸ್ಕೊಂಡ್ರು."

ಅವಳ ಪೆನ್ಸಿಲು ನಿಂತಿತು. "ಯಾವ ಬಕ್ಕಪ್ಪನೋರ್ರಿ?"

"ಅಲ್ಲಿ ಗೇಟಿಗಿ ಬೋರ್ಡ ಅದ ನೋಡು."

"ಕಾಕಾ, ನಾ ಆ ಮನಿಯಿಂದೇ ಬಂದೀನ್ರಿ. ಅವರ ಹೆಂಡ್ತಿ ಲಲಿತಾಬಾಯಿ ಒಬ್ಬರೇ ಅದಾರ. ಪಡಸಾಲಿಯೊಳಗ ಬಕ್ಕಪ್ಪನೋರ ಫೋಟೋಕ್ಕ ಹಾರ ಹಾಕ್ಯಾರ. ಎರಡು ವರ್ಷ ಆತಂತ್ರಿ."

ಗೋರಖನಾಥ ನಗಲು ನೋಡಿದ. ಬರಲಿಲ್ಲ.

"ದಿನಾ ಮುಂಜಾನಿ ಯಾರೋ ಗೇಟಿನ ಹೊರಗ ನಿಂತು ಗಂಡನ ಹೆಸರು ಹಿಡದು ಕರೀತಾರಂತ," ಅವಳು ಹಾಳೆ ನೋಡುತ್ತಲೇ ಹೇಳಿದಳು. "ಯಾರು ಇಂಥಾ ಮಷ್ಕಿರಿ ಮಾಡ್ತಾರೋ ಅಂತ ಬಾಗಲಾ ತಗಿಯಂಗಿಲ್ಲಂತ್ರಿ."

ನಮಸ್ಕಾರ್ರಿ ಬಕ್ಕಪ್ಪನೋರ, ಎಂದು ಎಂಟು ತಿಂಗಳು ಬೋರ್ಡು ನೋಡಿ ಕೂಗಿದವನು ಅವನೇ. ಬುದ್ಧ ಪೂರ್ಣಿಮೆಯ ದಿನ ಖೀರಿನ ಡಬ್ಬಿ ಹಿಡಿದು ಆ ಗೇಟಿನೆದುರು ನಿಂತವನೂ ಅವನೇ. ಬಾಗಿಲ ಸಂದಿಯಲ್ಲಿ ಸೀರೆಯ ಅಂಚು ಕಂಡಿತ್ತು, ಬಾಗಿಲು ಮುಚ್ಚಿತ್ತು. ನೀಲಿ ಚಕ್ರ ನೋಡಿ ಮುಚ್ಚಿದರೆಂದುಕೊಂಡು ಅವನು ಡಬ್ಬಿಯನ್ನು ಹಾಗೇ ವಾಪಸು ತಂದು, ಆ ಖೀರನ್ನು ಎರಡು ದಿನ ಒಬ್ಬನೇ ತಿಂದಿದ್ದ. ಆ ಒಂದು ಬಾಗಿಲ ಬಗ್ಗೆ ಅವನು ತಪ್ಪು ತಿಳಿದಿದ್ದ. ಉಳಿದ ಮೂವತ್ತೊಂಬತ್ತಕ್ಕೆ ಅವನು ಹೋಗಿಯೇ ಇರಲಿಲ್ಲ.

"ನಲವತ್ತು ಕಪ್ಪು ಚಾ ಖರೇ ಏನ್ರಿ ಕಾಕಾ?"

"ಒಂದು ಕಪ್ಪು," ಎಂದ ಗೋರಖನಾಥ. "ನಾನೇ ಮಾಡ್ಕೊಂಡಿದ್ದು."

ಅಷ್ಟರಲ್ಲಿ ಫೋನು ಬಂತು. ಸುಭದ್ರಾಬಾಯಿಯ ದನಿ ಹೊರಗೂ ಕೇಳುವಷ್ಟು ದೊಡ್ಡದು.

"ಏನ್ರಿ, ಏನ್ ಠರಾಯಿಸಿದ್ರಿ? ನಿಮ್ಮ ಬಕ್ಕಪ್ಪನೋರು ಹ್ಯಾಂಗದಾರ? ಇವತ್ತೂ ಸುಸಲಾ ತಿಂದ್ರೇನು?"

ಗೋರಖನಾಥ ಪ್ರಣಿತಾಳ ಕಡೆ ನೋಡಿದ. ಅವಳು ಚೀಲದ ಜಿಪ್ಪು ಹುಡುಕತೊಡಗಿದಳು.

"ಅವರು ತೀರಿಕೊಂಡಾರ," ಎಂದ.

"ಅಯ್ಯ, ಏನಾತ್ರಿ? ಯಾವಾಗ?"

"ನಾವು ಈ ಮನಿಗಿ ಬರೋಕಿನ್ನ ಮದಲ."

ಔರಾದದ ಆ ಮನೆಯಲ್ಲಿ ಕೂಸು ಏನನ್ನೋ ನೆಲಕ್ಕೆ ಬಡಿಯುತ್ತಿರುವುದು ಕೇಳುತ್ತಿತ್ತು.

"ಸುಭದ್ರಾ, ನಾ ಹೇಳಿದ್ದೆಲ್ಲಾ ಸುಳ್ಳು. ಇಲ್ಲಿ ನನ್ನ ಕೂಡ ಮಾತಾಡೋರು ಯಾರೂ ಇಲ್ಲ."

ಅವಳು ಫೋನು ಇಡಲಿಲ್ಲ. ಅವನು ಕಿವಿಗೆ ಒತ್ತಿಹಿಡಿದು ಗೇಟಿನಾಚೆ ನೋಡುತ್ತ ನಿಂತ. ಎದುರುಮನೆಯ ಬಾಗಿಲು ತೆರೆಯಿತು. ಲಲಿತಾಬಾಯಿ ಅಂಗಳ ದಾಟಿ ಬಂದು, ಗೇಟಿನ ಬೋರ್ಡಿನ ಮೇಲೆ ಕೂತ ಧೂಳನ್ನು ಸೆರಗಿನ ತುದಿಯಿಂದ ಒಂದೊಂದೇ ಅಕ್ಷರ ಒರೆಸತೊಡಗಿದರು.