ಎಡಕ್ಕೆ ಜಗ್ಗುವ ದೋಣಿ

ಹಾಯಿದೋಣಿಯೇನೋ ಸರಿ, ಆದರೆ ದೋಣಿಕಟ್ಟೆಯಲ್ಲಿ ಅಕ್ಕಪಕ್ಕ ಕಟ್ಟಿದ ದೋಣಿಗಳ ಸಂದಿಯಿಂದ ಅದನ್ನು ಹೊರತರಬೇಕಾದರೆ ಎಂಜಿನ್ ಹಾಕಿ ಹಿಂದಕ್ಕೇ ಬರಬೇಕು. ಹಿಂದಕ್ಕೆ ಬರುವಾಗ ಅದು ಯಾರ ಮಾತೂ ಕೇಳುವ ಪೈಕಿಯಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಂಬಂತೆ, ಚುಕ್ಕಾಣಿ ಹೇಗೆ ತಿರುಗಿಸಿದರೂ ಹಿಂಬದಿ ಎಡಕ್ಕೇ ಜಗ್ಗುತ್ತಿತ್ತು. ಸ್ವಲ್ಪ ವೇಗ ಹಿಡಿದೊಡನೆ ಗೇರನ್ನು ನ್ಯೂಟ್ರಲ್ಲಿಗೆ ತಂದರೆ ಮಾತ್ರ ಜಗ್ಗಾಟ ನಿಂತು ಚುಕ್ಕಾಣಿಗೆ ಜೀವ ಬರುತ್ತಿತ್ತು.

ಇಪ್ಪತ್ತು ವರ್ಷ ಚುಕ್ಕಾಣಿ ಅವಳ ಕೈಯಲ್ಲಿ, ಹೇಳುವ ಬಾಯಿ ಗಂಡನದು. ಹಿಂಬದಿಯ ಎಡಮೂಲೆಯಲ್ಲಿ ನಿಂತು, "ಸಾಕು ಕಣೇ, ನ್ಯೂಟ್ರಲ್ ಮಾಡು" ಅನ್ನುತ್ತಿದ್ದ. ಹೋದ ವರ್ಷ ಒಂದು ಸಲ, ಒಂದೇ ಸಲ, ಅವಳು ಕೇಳಲಿಲ್ಲ. ಪಕ್ಕದಲ್ಲಿ ಯಾರದೋ ಹೊಸ ಬಿಳಿ ದೋಣಿ. ಅದಕ್ಕೆ ತಾಗೀತೆಂಬ ಗಾಬರಿಯಲ್ಲಿ ಎಂಜಿನ್ ಇನ್ನಷ್ಟು ಜೋರು ಮಾಡಿದಳು. ದೋಣಿ ಇನ್ನಷ್ಟು ಎಡಕ್ಕೆ ಹೋಯಿತು. ಕಾಲು ಚಾಚಿ ಬಿಳಿ ದೋಣಿಯನ್ನು ತಳ್ಳಹೋದ ಗಂಡ ಎರಡರ ನಡುವೆ ಬಿದ್ದ. ಬಿಳಿ ಬಣ್ಣ ಉಳಿಯಿತು, ಮನುಷ್ಯ ಹೋದ.

ಅಂದಿನಿಂದ ಯಾವ ಯಂತ್ರ ತಿರುಗಿದರೂ ಅವಳ ಎಡಗಿವಿಯ ಹಿಂದೆ ಅದೇ ದನಿ. ಮಿಕ್ಸಿ ಹಾಕಿದರೂ "ಸಾಕು ಕಣೇ." ಮನೆಯಲ್ಲಿ ಒಂದು ಚಟ್ನಿಯೂ ನುಣ್ಣಗಾಗುತ್ತಿರಲಿಲ್ಲ. ಸತ್ತಮೇಲಾದರೂ ಸುಮ್ಮನಿರಬಾರದೇ ಎಂದು ಗದರುತ್ತಿದ್ದಳು; ಗದರಿ ಅಳುತ್ತಿದ್ದಳು.

"ನೀನು ಬರದಿದ್ರೆ ನಾನೊಬ್ಳೇ ದೋಣಿ ತೆಗೀತೀನಿ" ಎಂದು ಮಗಳು ಹಠ ಹಿಡಿದಳು. ಹಠದಲ್ಲಿ ಅಪ್ಪನ ಪಡಿಯಚ್ಚು. ಇದ್ದೊಬ್ಬಳನ್ನು ಹಾಗೆ ಕಳಿಸುವುದುಂಟೇ? ವರ್ಷದ ಮೇಲೆ ತಾಯಿ ಚುಕ್ಕಾಣಿ ಹಿಡಿದಳು.

ಮಗಳು ಹಗ್ಗ ಬಿಚ್ಚಿದಳು. ರಿವರ್ಸ್ ಬಿದ್ದೊಡನೆ ಹಿಂಬದಿ ಎಡಕ್ಕೆ ಜಗ್ಗಿತು. ಅದೇ ಬಿಳಿ ದೋಣಿ ಹತ್ತಿರ ಬಂತು.

"ಅಮ್ಮಾ, ಜೋರಾಗಿ ಕೊಡು! ನಾನು ತಳ್ತೀನಿ!"

"ಸಾಕು ಕಣೇ" ಎಂದಿತು ಕಿವಿಯ ಹಿಂದಿನ ದನಿ.

ತಿರುಗಿ ನೋಡಿದಳು. ಅದೇ ಎಡಮೂಲೆ. ಕಂಬಿಯಾಚೆ ಚಾಚಿದ ಕಾಲು, ಮಗಳದು.

"ಕಾಲು ಒಳಗೆ ತಗೋ! ತಾಗಿದ್ರೆ ತಾಗ್ಲಿ!"

ಗೇರನ್ನು ನ್ಯೂಟ್ರಲ್ಲಿಗೆ ಎಳೆದಳು. ಕರ್ ಎಂದು ಬಿಳಿ ದೋಣಿಯ ಉದ್ದಕ್ಕೂ ಗೀರು ಬಿತ್ತು. ಆಮೇಲೆ ಚುಕ್ಕಾಣಿ ಮಾತು ಕೇಳಿತು, ದೋಣಿ ನೆಟ್ಟಗೆ ಹಿಂದಕ್ಕೆ ಜಾರಿ ಹೊರಬಂತು.

"ಅಷ್ಟು ಹಾಳಾಯ್ತಲ್ಲಮ್ಮಾ" ಎಂದಳು ಮಗಳು.

"ಆಗ್ಲಿ ಬಿಡು" ಎಂದು ತಾಯಿ ಮಗಳ ಕಾಲನ್ನು ಮುಟ್ಟಿ ಮುಟ್ಟಿ ನೋಡಿದಳು.

ಬಯಲು ನೀರಿಗೆ ಬಂದರು. ಗಾಳಿ ಚೆನ್ನಾಗಿತ್ತು. ಆಗ ಅವಳಿಗೆ ಹೊಳೆಯಿತು: ಎಂಜಿನ್ ಇನ್ನೂ ತಿರುಗುತ್ತಿದೆ, ಎಡಗಿವಿಯ ಹಿಂದೆ ಮಾತಿಲ್ಲ. ವರ್ಷವಿಡೀ ಬೇಡಿಕೊಂಡಿದ್ದ ಮೌನ. ಬಂದಮೇಲೆ ಅದನ್ನು ಸಹಿಸಲಾಗಲಿಲ್ಲ.

"ಹಾಯಿ ಏರಿಸ್ಲಾ?" ಎಂದಳು ಮಗಳು.

"ಒಂದು ನಿಮಿಷ ಇರು."

ಸುತ್ತ ತಾಗಲು ಏನೂ ಇರಲಿಲ್ಲ. ಅವಳು ರಿವರ್ಸ್ ಹಾಕಿ, ಎಡಮೂಲೆಯತ್ತ ಕಿವಿಗೊಟ್ಟು ನಿಂತಳು. ದೋಣಿ ಎಡಕ್ಕೆ ಜಗ್ಗುತ್ತಲೇ ಹೋಯಿತು. ಸಾಕೆನ್ನುವವರು ಯಾರೂ ಇರಲಿಲ್ಲ.