ನಾಲ್ಕನೇ ಎಲೆ

ಬೈಂದೂರಿನ ಸರಸಳ ಅಡುಗೆಮನೆಯಲ್ಲಿ ಬಳ್ಳಿ ಹಬ್ಬದೆ ಉಳಿದ ಪಾತ್ರೆ ಎಂದರೆ ಕುಕ್ಕರ್ ಒಂದೇ. ಅದರ ಮೇಲೂ ಕೆತ್ತುವ ಆಸೆ ಅವಳಿಗಿತ್ತು. ಗಂಡ ಉಲ್ಲಾಸ, ತಾನು ಸಾಯುವುದಾದರೆ ಕಾಯಿಲೆಯಿಂದ ಸಾಯುತ್ತೇನೆ, ಚಿತ್ತಾರದಿಂದಲ್ಲ ಎಂದು ಹೇಳಿ ಅದನ್ನು ಕಪಾಟಿನ ಮೇಲೆ ಎತ್ತಿಟ್ಟಿದ್ದ. ಉಳಿದಂತೆ ಹಿತ್ತಾಳೆಯ ಚೆಂಬು, ತಾಮ್ರದ ಹಂಡೆ, ಅಲ್ಯುಮಿನಿಯಂ ಮುಚ್ಚಳ, ಊಟದ ತಟ್ಟೆ, ಎಲ್ಲದರ ಮೇಲೂ ಎಲೆ, ಸುರುಳಿ, ಮೊಗ್ಗು. ತಟ್ಟೆಯ ಗೆರೆಗಳಲ್ಲಿ ಅನ್ನದ ಅಗುಳು ಸಿಕ್ಕಿಕೊಳ್ಳುತ್ತಿತ್ತು. ಉಲ್ಲಾಸ ಎಂಟು ತಿಂಗಳು ಮಾತಾಡದೆ ಉಂಡ. ಒಂಬತ್ತನೆಯ ತಿಂಗಳು ಹಿತ್ತಿಲಿನಿಂದ ಬಾಳೆಲೆ ಕೊಯ್ದುಕೊಂಡು ಬಂದು ಊಟಕ್ಕೆ ಕುಳಿತ. ಸರಸಳಿಗೆ ಬೇಜಾರಾಗಲಿಲ್ಲ. ತಟ್ಟೆ ಬಿಡುವಾಯಿತು, ಅದರ ಹಿಂಬದಿಯಲ್ಲಿ ಇನ್ನೂ ಜಾಗವಿತ್ತು.

ಅವಳ ಕೆಲಸ ಪೇಟೆಯ ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕುವುದು. ಕೊಂಡ ಪಾತ್ರೆಗೆ ಹೆಸರು ಹಾಕಿಸದೆ ಮನೆಗೊಯ್ಯುವವರು ನಮ್ಮಲ್ಲಿ ಕಡಿಮೆ. ಹಾಕಿಸದಿದ್ದರೆ ಪಕ್ಕದ ಮನೆಗೆ ಪಾಯಸ ಹೊತ್ತುಕೊಂಡು ಹೋದ ಡಬ್ಬಿ ಅಲ್ಲಿಯೇ ಸಂಸಾರ ಹೂಡುತ್ತದೆ. ಹದಿನಾರು ವರ್ಷದಿಂದ ಸರಸ ಕರೆಂಟಿನ ಮೆಷಿನ್ ಹಿಡಿದು ಮದುಮಕ್ಕಳ ಹೆಸರು, ತಾರೀಕು, ಉಡುಗೊರೆ ಕೊಟ್ಟವರ ಹೆಸರು ಬರೆಯುತ್ತಿದ್ದಳು. ಕೊಟ್ಟವರ ಹೆಸರು ಮದುಮಕ್ಕಳ ಹೆಸರಿಗಿಂತ ದೊಡ್ಡದಾಗಿರಲಿ ಎಂದು ಹೇಳುವವರೂ ಇದ್ದರು. ಅದನ್ನೂ ಮಾಡಿಕೊಡುತ್ತಿದ್ದಳು.

ಎರಡೂವರೆ ವರ್ಷದ ಹಿಂದೆ ಅಮ್ಮನ ಬೆಳ್ಳಿಯ ಕುಂಕುಮದ ಭರಣಿಗೆ ಮುಚ್ಚಳ ಸಡಿಲವಾಯಿತೆಂದು ಬ್ರಹ್ಮಾವರದ ರತ್ನಾಕರ ಆಚಾರ್ಯರಲ್ಲಿಗೆ ಹೋಗಿದ್ದಳು. ಗುಡಿಗಳ ಬೆಳ್ಳಿ ಕೆಲಸ ಮಾಡುವವರು ಅವರು, ಎಪ್ಪತ್ತು ದಾಟಿದವರು. ಭರಣಿಯ ಮೇಲಿನ ಎಲೆಯನ್ನು ತೋರಿಸಿ, ಈ ಗೆರೆ ದಪ್ಪದಲ್ಲಿ ಹೊರಟು ಹೀಗೆ ಕಾಣೆಯಾಗುವುದು ಹೇಗೆ ಎಂದು ಸರಸ ಕೇಳಿದಳು. ಕಲಿತರೆ ಗೊತ್ತಾಗುತ್ತದೆ ಎಂದರು ಆಚಾರ್ಯರು, ತಲೆ ಎತ್ತದೆ. ಅದು ಮಾತು ಮುಗಿಸುವ ಅವರ ರೀತಿ. ಸರಸ ಅದನ್ನು ಕರೆಯೋಲೆ ಎಂದುಕೊಂಡು ಮುಂದಿನ ಭಾನುವಾರ ಬಸ್ಸು ಹತ್ತಿ ಬಂದಳು. ಬಂದು ಕೂತವಳನ್ನು ಏಳು ಎನ್ನಲು ಅವರಿಗೆ ಬಾಯಿ ಬರಲಿಲ್ಲ.

ಮೊದಲ ಆರು ತಿಂಗಳು ಬರಿಯ ಬಳ್ಳಿ. ತಾಮ್ರದ ತಗಡನ್ನು ಬಿಸಿ ಅರಗಿನ ಮೇಲೆ ಕೂರಿಸಿ, ಅದು ಗಟ್ಟಿಯಾದ ಮೇಲೆ ಉಳಿಯನ್ನು ಓರೆ ಹಿಡಿದು, ಪುಟ್ಟ ಸುತ್ತಿಗೆಯಿಂದ ತಟ್ಟುತ್ತ ಸುರುಳಿ ಸುತ್ತಿಸುವುದು. ಆಮೇಲೆ ಎಲೆ. ಆಮೇಲೆ ನೆರಳು. ಎಲೆ ಉಬ್ಬಿದಂತೆ ಕಾಣಬೇಕಾದರೆ ಅದರ ಒಂದು ಬದಿಯಲ್ಲಿ ಒತ್ತೊತ್ತಾಗಿ ಸಣ್ಣ ಗೆರೆ ಎಳೆಯಬೇಕು. ಅಂಚಿನಲ್ಲಿ ಆಳ, ಒಳಕ್ಕೆ ಬರಬರುತ್ತ ತೇಲಿ, ಕೊನೆಗೆ ಇಲ್ಲ. ಸರಸಳ ಗೆರೆ ಮಾತ್ರ ಇಲ್ಲವಾಗಲು ಒಪ್ಪುತ್ತಿರಲಿಲ್ಲ. ವರ್ಷಗಟ್ಟಲೆ ಅಕ್ಷರ ಬರೆದ ಕೈ ಕೊನೆಯಲ್ಲಿ ಗಕ್ಕನೆ ನಿಲ್ಲುತ್ತಿತ್ತು. ಆಚಾರ್ಯರು ತಗಡನ್ನು ಹೆಬ್ಬೆರಳಿನಿಂದ ಸವರಿ, ಇದು ಎಲೆಯಲ್ಲ ಬಾಚಣಿಗೆ ಎಂದು ಪಕ್ಕಕ್ಕೆ ಎಸೆಯುತ್ತಿದ್ದರು. ಇನ್ನೂರು ಬಾಚಣಿಗೆಗಳಾದ ಮೇಲೆ ಒಂದು ಭಾನುವಾರ ಎಸೆಯಲಿಲ್ಲ. ಹೊಗಳಲೂ ಇಲ್ಲ. ಆ ಸಂಜೆ ಸರಸ ಬೈಂದೂರಿನವರೆಗೂ ಬಸ್ಸಿನಲ್ಲಿ ನಿಂತೇ ಬಂದಳು. ಸೀಟು ಖಾಲಿ ಇದ್ದದ್ದು ಅವಳ ಗಮನಕ್ಕೆ ಬರಲಿಲ್ಲ.

ಆಚಾರ್ಯರ ಕೆಲಸದ ಕೋಣೆಯಲ್ಲಿ ಎರಡು ಕಟ್ಟಳೆ. ಬೆಳಕು ಯಾವತ್ತೂ ಎಡದಿಂದ ಬರುತ್ತದೆ ಎಂದುಕೊಳ್ಳಬೇಕು, ಆದ್ದರಿಂದ ಎಲೆ ಎಲ್ಲಿದ್ದರೂ, ಹೇಗೆ ತಿರುಗಿದರೂ, ನೆರಳು ಬಲಕ್ಕೆ. ತಪ್ಪಿ ಎಡಕ್ಕೆ ಹಾಕಿದರೆ ಉಬ್ಬಬೇಕಾದ ಎಲೆ ಗುಂಡಿ ಬಿದ್ದಂತೆ ಕಾಣುತ್ತದೆ. ಎರಡನೆಯದು, ಒಬ್ಬರು ಎಳೆದ ಗೆರೆಯ ಮೇಲೆ ಇನ್ನೊಬ್ಬರ ಉಳಿ ಹೋಗಬಾರದು. ಬೆಳ್ಳಿ ಮೆತ್ತಗಿನ ಲೋಹ, ತಪ್ಪು ಗೆರೆಯನ್ನು ಒಪ್ಪ ಹಾಕಿ ಮುಚ್ಚಿ ಮತ್ತೆ ಎಳೆಯಬಹುದು. ಆದರೆ ಎಳೆದವರೇ ಮುಚ್ಚಬೇಕು.

ಸರಸಳಿಗೆ ಬೇಕಾಗಿದ್ದುದು ಬೆಳ್ಳಿ. ಅವಳು ಅಲ್ಲಿಯವರೆಗೆ ಬರೆದದ್ದೆಲ್ಲ ಹುಣಸೆಹುಳಿಗೂ ಬೂದಿಗೂ ಸಿಕ್ಕಿ ದಿನಾ ಸವೆಯುವಂಥದ್ದು. ಯಾರೂ ತಿಕ್ಕದ ಜಾಗದಲ್ಲಿ, ದೇವರ ಬೆನ್ನ ಹಿಂದೆ, ತನ್ನ ಕೈಯ ಕೆಲಸ ಒಂದಿರಬೇಕೆಂದು ಅವಳಿಗೆ ಹೊಟ್ಟೆಯೊಳಗಿನಿಂದ ಆಸೆ. ಅದನ್ನು ಉಲ್ಲಾಸನಿಗೆ ಕೂಡ ಹೇಳಿರಲಿಲ್ಲ.

ಈ ವರ್ಷ ಒಳಗಡೆಯ ಊರೊಂದರ ಅಮ್ಮನವರ ಗುಡಿಗೆ ಬೆಳ್ಳಿಯ ಪ್ರಭಾವಳಿ ಬೇಕೆಂದು ಕಮಿಟಿಯ ಅಧ್ಯಕ್ಷ ಚಂದಯ್ಯ ಶೆಟ್ಟರು ಬಂದರು. ಎಡಕ್ಕೊಂದು ತಗಡು, ಬಲಕ್ಕೊಂದು ತಗಡು, ಒಂದೊಂದರಲ್ಲಿ ಏಳು ಎಲೆ. ಎಡದ್ದನ್ನು ಆಚಾರ್ಯರು ಎರಡು ತಿಂಗಳಲ್ಲಿ ಮುಗಿಸಿ, ಬಲದ್ದನ್ನು ಸರಸಳ ಮುಂದಿಟ್ಟರು.

"ಇದ್ ನೀ ಮಾಡ್," ಎಂದರು. "ಕೆಟ್ರೆ ಮತ್ ಬೆಳ್ಳಿ ಮುಟ್ಟುಕಿಲ್ಲೆ."

ಅಂಗಡಿಗೆ ಒಂದು ತಿಂಗಳು ರಜೆ ಹಾಕಿ ಸರಸ ದಿನಾ ಬಂದಳು. ಮೂರು ಎಲೆ ಸಲೀಸಾಗಿ ಇಳಿದವು. ನಾಲ್ಕನೆಯದರ ತಿರುವು ಕಷ್ಟ, ಹಾಗಾಗಿ ಗುರುಗಳದ್ದು ಹೇಗಿದೆ ನೋಡೋಣ ಎಂದು ಎಡದ ತಗಡನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವರ ನಾಲ್ಕನೇ ಎಲೆಯ ನೆರಳು ಎಡಕ್ಕಿತ್ತು. ತಗಡನ್ನು ಹೊರಗೆ ಜಗಲಿಗೆ ಒಯ್ದು ಬಿಸಿಲಿಗೆ ಹಿಡಿದಳು. ಜಗಲಿಯಲ್ಲೂ ಎಡಕ್ಕೇ ಇತ್ತು. ಗೆರೆ ಒಂದೊಂದೂ ಚಿನ್ನದಂಥ ಗೆರೆ, ಇದ್ದದ್ದು ಮಾತ್ರ ಇರಬಾರದ ಬದಿಯಲ್ಲಿ.

ಆಚಾರ್ಯರ ಕಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಮಗಳು ಅಕ್ಷಿತಾ ಕಣ್ಣಿನ ಆಸ್ಪತ್ರೆಯ ಮಾತೆತ್ತಿದಾಗಲೆಲ್ಲ, ಕಣ್ಣು ಸರಿ ಇದೆ, ಕರೆಂಟು ಸರಿ ಇಲ್ಲ ಎನ್ನುತ್ತಿದ್ದರು. ಹಾಗೆಂದು ಮೂರು ಸಲ ಟ್ಯೂಬ್‌ಲೈಟ್ ಬದಲಾಯಿಸಿದ್ದರು. ಬೇರೆಯವರ ಕೆಲಸವನ್ನು ಬೆರಳಲ್ಲಿ ಸವರಿ ನೋಡುವವರು, ತಮ್ಮದನ್ನು ನೋಡುತ್ತಿರಲಿಲ್ಲ. ಐವತ್ತು ವರ್ಷದಿಂದ ಅದರ ಅಗತ್ಯ ಬಿದ್ದಿರಲಿಲ್ಲ.

ಸರಸ ಎರಡು ಲೋಟ ಚಹಾ ಕುಡಿದು ಯೋಚಿಸಿದಳು. ಅವರ ಗೆರೆಯನ್ನು ತಾನು ಮುಚ್ಚುವಂತಿಲ್ಲ. ಹೇಳೋಣವೆಂದರೆ, ನಿಮ್ಮ ಎಲೆ ತಪ್ಪಿದೆ ಎಂದರೂ ನಿಮಗೆ ಕಾಣುವುದಿಲ್ಲ ಎಂದರೂ ಒಂದೇ. ಹೇಳದೆ ಬಿಟ್ಟರೆ ಪ್ರಭಾವಳಿ ಏರಿದ ದಿನ ಊರೇ ನೋಡಿ, ಮುದುಕನ ಕೈ ಕೆಟ್ಟಿತು ಎನ್ನುತ್ತದೆ. ಒಂದು ಬದಿ ತಪ್ಪಿದರೆ ತಪ್ಪು, ಎರಡೂ ಬದಿ ಒಂದೇ ಥರ ಇದ್ದರೆ ಯಾರು ಕೇಳುತ್ತಾರೆ? ಅವಳು ಉಳಿ ಎತ್ತಿ ತನ್ನ ನಾಲ್ಕನೇ ಎಲೆಗೂ ನೆರಳನ್ನು ಎಡಕ್ಕೇ ಹಾಕಿದಳು. ಅಂಚಿನಲ್ಲಿ ಆಳ, ಕೊನೆಗೆ ಇಲ್ಲ.

ಏಳೂ ಎಲೆ ಮುಗಿದ ದಿನ ಆಚಾರ್ಯರು ಹೆಬ್ಬೆರಳಿಟ್ಟು ಮೇಲಿನಿಂದ ಸವರುತ್ತ ಬಂದರು. ನಾಲ್ಕನೆಯದರ ಮೇಲೆ ಬೆರಳು ನಿಂತಿತು.

"ಬೆಳಕ್ ಯಾವ ಬದಿಂದ ಬತ್ತ್?"

"ಎಡದಿಂದ, ಆಚಾರ್ರೆ."

"ಮತ್ತಿದ್ ಎಂತ?"

ತಪ್ಪಾಯಿತು ಎಂದಳು ಸರಸ. ಸರಿಪಡಿಸುತ್ತೇನೆ ಎನ್ನಲು ಅವಳಿಗೆ ಆಗಲಿಲ್ಲ, ಸರಿಪಡಿಸಿದರೆ ಎಡದ ತಗಡು ಒಂಟಿಯಾಗುತ್ತಿತ್ತು. ಸರಿಪಡಿಸುತ್ತೇನೆಂದೂ ಹೇಳದ ಈ ಹೆಂಗಸನ್ನು ನೋಡಿ ಆಚಾರ್ಯರಿಗೆ ಸಿಟ್ಟು ನೆತ್ತಿಗೇರಿತು. ಕಟ್ಟಳೆ ಗೊತ್ತಿಲ್ಲದವಳ ಗೆರೆ ದೇವರ ಹಿಂದೆ ಬೇಡ, ಶೆಟ್ಟರಿಗೊಮ್ಮೆ ತೋರಿಸಿ ಬಲದ ತಗಡನ್ನು ಕರಗಿಸುತ್ತೇನೆ, ಮತ್ತೆ ನಾನೇ ಮಾಡುತ್ತೇನೆ ಎಂದರು. ಆಮೇಲೆ ಸ್ವರ ತಗ್ಗಿಸಿ, "ನಾಳಿಂದ ನೀ ಬಪ್ಪುದ್ ಬ್ಯಾಡ," ಎಂದರು.

ಬಸ್ಸಿನಲ್ಲಿ ಸರಸ ಕುಂದಾಪುರ ದಾಟುವವರೆಗೂ ಅತ್ತಳು. ಆಚಾರ್ಯರ ಮೇಲೆ ಸಿಟ್ಟು, ತನ್ನ ಮೇಲೆ ಅದಕ್ಕಿಂತ ಸಿಟ್ಟು. ಹೇಳಿಬಿಡಬಹುದಿತ್ತು. ಒಂದು ವಾಕ್ಯ ಸಾಕಿತ್ತು, ಬೆಳ್ಳಿ ಉಳಿಯುತ್ತಿತ್ತು. ಆ ವಾಕ್ಯವನ್ನು ಮನಸ್ಸಿನಲ್ಲಿ ಹತ್ತು ಸಲ ಹೇಳಿ ನೋಡಿದಳು. ಹತ್ತು ಸಲವೂ ಮುದುಕನ ಮುಖ ಎದುರಿಗೆ ಬಂತು.

ಭಾನುವಾರ ಅವಳು ಮನೆಯಲ್ಲೇ ಕುಳಿತಿದ್ದಳು. ಏನು ಹೇಳಬೇಕೆಂದು ತಿಳಿಯದ ಉಲ್ಲಾಸ, ಸೋಮೇಶ್ವರದ ಕಡಲಿಗೆ ಹೋಗಿ ಬರೋಣವೇ ಎಂದು ಕೇಳಿದ. ಬೇಡವೆಂದಳು. ಒಬ್ಬನೇ ಹೋಗಿ ಬಂದು, ಕಡಲು ಇದೆ ಎಂದು ವರದಿ ಒಪ್ಪಿಸಿದ.

ಬುಧವಾರ ಅಂಗಡಿಯಲ್ಲಿ ಮದುವೆಯೊಂದರ ಅರವತ್ತು ಲೋಟಕ್ಕೆ ಹೆಸರು ಹಾಕುತ್ತಿರುವಾಗ ಅಕ್ಷಿತಾಳ ಫೋನು ಬಂತು. ನಡೆದದ್ದನ್ನು ಅವಳು ಸಣ್ಣ ಸ್ವರದಲ್ಲಿ ಹೇಳಿದಳು. ಶೆಟ್ಟರು ಸೋಮವಾರ ಬಂದಿದ್ದರಂತೆ. ಬಲದ ತಗಡು ಕೆಟ್ಟಿದೆ, ಇನ್ನೊಂದು ತಿಂಗಳು ಬೇಕು ಎಂದು ಅಪ್ಪ ಹೇಳಿದರಂತೆ. ಶೆಟ್ಟರು ಕನ್ನಡಕ ಹಾಕಿ ಎರಡನ್ನೂ ತುಂಬ ಹೊತ್ತು ನೋಡಿ, ಕೆಟ್ಟದ್ದು ಎಲ್ಲಿ, ಎರಡೂ ಕಡೆ ನಾಲ್ಕನೇ ಎಲೆ ಒಂದೇ ಹಾಗೆ ತಿರುಗಿದೆ, ಇದರಲ್ಲಿ ಏನೋ ಶಾಸ್ತ್ರ ಇರಬೇಕು, ನೀವು ನಮ್ಮಂಥವರಿಗೆ ಹೇಳುವುದಿಲ್ಲ ಎಂದು ಕೈ ಮುಗಿದು ಹೋದರಂತೆ. ಊರಿನಲ್ಲಿ ಆಗಲೇ ನಾಲ್ಕನೇ ಎಲೆಯ ಮಹಿಮೆ ಹಬ್ಬಿದೆಯಂತೆ. ಶೆಟ್ಟರು ಹೋದ ಮೇಲೆ ಅಪ್ಪ ತಮ್ಮದೇ ತಗಡನ್ನು ಮಡಿಲಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಸವರಿದರಂತೆ. ನಾಲ್ಕನೇ ಎಲೆಯ ಮೇಲೆ ಬೆರಳು ನಿಂತಿತಂತೆ.

"ಸರಸಕ್ಕ, ಅಪ್ಪಯ್ಯ ಇಲ್ಲೇ ನಿಂತಿದ್ರ್," ಎಂದಳು ಅಕ್ಷಿತಾ. "ಒಂದ್ ಮಾತ್ ಕೇಂತ್ರ್. ಅದ್ ನೀವ್ ಅಪ್ಪಯ್ಯನ್ ಎಲೆ ಕಂಡೇ ಮಾಡಿದ್ದಾ?"

ಸರಸ ಮೆಷಿನ್ ಆರಿಸಿದಳು. ಎದುರಿಗೆ ಮದುವೆ ಮನೆಯವರು ಲೋಟ ಹಿಡಿದುಕೊಂಡು ನಿಂತಿದ್ದರು.

"ಹೌದ್," ಎಂದಳು. "ಕಂಡೇ ಮಾಡಿದ್ದ್."

ಅಕ್ಷಿತಾ ಅದನ್ನು ಆಚೆಗೆ ದಾಟಿಸಿದ್ದು ಕೇಳಿಸಿತು. ಫೋನು ಕೈ ಬದಲಾಯಿತು. ಆಚಾರ್ಯರು ಫೋನಿನಲ್ಲಿ ಮಾತಾಡಿದ್ದನ್ನು ಸರಸ ಈವರೆಗೆ ಕೇಳಿರಲಿಲ್ಲ. ದೂರದವರನ್ನು ಕರೆಯುವವರ ಹಾಗೆ ಸ್ವರ ಏರಿಸಿ ಮಾತಾಡಿದರು.

"ಆಯ್ತವಾರ ಬಾ. ನಿನ್ ಎಲೆ ನೀ ಸರಿ ಮಾಡ್."

"ಆಯ್ತ್, ಆಚಾರ್ರೆ."

ಅವರು ಫೋನು ಇಡಲಿಲ್ಲ. ಮತ್ತೆ ಮಾತಾಡಿದಾಗ ಸ್ವರ ಇಳಿದಿತ್ತು.

"ನನ್ ಎಲೆನೂ ನೀನೇ ಮಾಡ್, ಸರಸ. ನಂಗ್ ಕಣ್ ಕಾಂತಿಲ್ಲೆ."